ಹೆಬ್ಬೆರಳಿಗೆ ಹಾಕಿದ ಬೇಲಿ

ಹೆಬ್ಬೆರಳು ಚೀಪುವುದೂ ಒಂದು ಜಡ್ಡೇನು ಎಂದು ನಗುವವರು ನಗಲಿ. ಹನ್ನೊಂದು ತುಂಬಿದ ಮೇಲೂ ಅದರ ಕೈಗೆ ಸಿಕ್ಕು ಒದ್ದಾಡಿದವಳು ನಾನು, ನನಗೆ ನಗು ಬರುವುದಿಲ್ಲ. ಈಚೆಗೆ ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ತನ್ನ ಮಗಳನ್ನು ಎಳೆದುಕೊಂಡು ಬಂದು, "ನಿಮಗೂ ಇತ್ತಂತಲ್ರೀ ಈ ಚಟ, ಹೆಂಗ ಬಿಡಿಸಿದ್ರು ಹೇಳ್ರಿ," ಎಂದಳು. ಕೂಸಿನ ಬೆರಳಿಗೆ ಖಾರದಪುಡಿ ಹಚ್ಚಿದ್ದಳು. ಅದು ಅಳುತ್ತ ಅಳುತ್ತ ಖಾರದ ಸಮೇತ ಅದೇ ಬೆರಳನ್ನು ಚೀಪುತ್ತಿತ್ತು. ಮೊದಲು ಆ ಬೆರಳನ್ನು ತೊಳೆದೆ. ಒಂದು ಮಾತಿನಲ್ಲಿ ಹೇಳಿ ಕಳಿಸುವ ಸಂಗತಿಯಾಗಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಅಪ್ಪ ಮಗ್ಗದ ಮೇಲೆ, ಅವ್ವ ನೂಲು ಸುತ್ತುವ ರಾಟೆಯ ಮುಂದೆ, ಹಿತ್ತಲಿನ ದೊಡ್ಡ ಒಲೆಯ ಮುಂದೆ ಅಪ್ಪನ ತಾಯಿ. ಆಕೆಯನ್ನು ನಾನು ಆಯಿ ಅನ್ನುತ್ತಿದ್ದೆ. ಸೀರೆಯ ಸೆರಗಿಗೆ ಬೇಕಾದ ರೇಷ್ಮೆಯನ್ನು ಕುದಿಸಿ, ಕೆಂಪು ಬಣ್ಣ ಹಾಕಿ ಒಣಗಿಸುವುದು ಆಯಿಯ ಕೆಲಸ. ನಮ್ಮ ಓಣಿಯಲ್ಲಿ ಮಕ್ಕಳು ನಡೆಯಲು ಕಲಿತ ಮೇಲೆ ನೂಲು ಹಿಡಿಯಲು ಕಲಿಯುತ್ತವೆ. ನನಗೆ ಮಾತ್ರ ನೂಲು ಮುಟ್ಟಗೊಡುತ್ತಿರಲಿಲ್ಲ. ನನ್ನ ಬಲಗೈ ಹೆಬ್ಬೆರಳು ಸದಾ ಒದ್ದೆ, ಒದ್ದೆ ಬೆರಳು ತಾಗಿದರೆ ರೇಷ್ಮೆಗೆ ಕಲೆ. ಒಮ್ಮೆ ಕದ್ದು ಮುಟ್ಟಿ ಹಾಗೇ ಬೆರಳನ್ನು ಬಾಯಿಗಿಟ್ಟುಕೊಂಡೆ. ಬಣ್ಣ ಬಿಟ್ಟು ತುಟಿ, ಗದ್ದವೆಲ್ಲ ಕೆಂಪಾಯಿತು. ಅವ್ವ ರಕ್ತವೆಂದು ಗಾಬರಿಬಿದ್ದು ಓಡಿ ಬಂದಳು. ಬಣ್ಣವೆಂದು ತಿಳಿದ ಮೇಲೆ ಬೆನ್ನಿಗೆರಡು ಬಿಗಿದಳು.

ಬಿಡಿಸಲು ಮಾಡದ ಉಪಾಯವಿಲ್ಲ. ಎಳೆಮಕ್ಕಳಿಗೆ ಮೊಲೆ ಬಿಡಿಸಲು ಹಚ್ಚುವ ಕರಿಬೋಳವನ್ನು ಬೆರಳಿಗೆ ಹಚ್ಚಿದರು. ಮೊದಮೊದಲು ಕಹಿ, ಆಮೇಲೆ ನನಗೆ ಆ ಕಹಿಯೇ ರುಚಿಸತೊಡಗಿತು. ಬೇವಿನೆಣ್ಣೆ ಹಚ್ಚಿದರು, ಅಂಗಿಯ ತೋಳಿನ ತುದಿಯನ್ನು ಹೊಲಿದು ಕೈ ಒಳಗೇ ಇರುವಂತೆ ಮಾಡಿದರು. ನಾನು ಬಟ್ಟೆಯ ಮೇಲಿಂದಲೇ ಚೀಪಿದೆ. ಸೋದರತ್ತೆ ಬಂದಾಗಲೆಲ್ಲ, "ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ ಅಂತಾರ, ಒಮ್ಮೆ ಸುಟ್ಟು ನೋಡೂಣು ತಡೀರಿ," ಎಂದು ಬಳೆಚೂರು ಕಾಯಿಸಲು ಎದ್ದು ಹೋಗುತ್ತಿದ್ದಳು. ಒಮ್ಮೆ ಅಪ್ಪ ಮಗ್ಗದಿಂದ ಇಳಿದು ಬಂದು ಅದನ್ನು ಕಸಿದುಕೊಂಡು ಹಿತ್ತಲಿಗೆ ಎಸೆದ. ಅಪ್ಪ ಮಗ್ಗದಿಂದ ಸುಮ್ಮಸುಮ್ಮನೆ ಇಳಿಯುವವನಲ್ಲ.

ಇಷ್ಟೆಲ್ಲದರ ನಡುವೆ ಯಾರೂ ನಂಬದ ಒಂದು ಮಾತೆಂದರೆ, ನನಗೂ ಬಿಡಬೇಕೆಂದಿತ್ತು. ಸಾಲೆಯಲ್ಲಿ ನನ್ನನ್ನು ಚೀಪವ್ವ ಅನ್ನುತ್ತಿದ್ದರು. ಹುಡುಗಿಯರು ಆಟದಲ್ಲಿ ನನ್ನ ಬಲಗೈ ಹಿಡಿಯಲು ಹೇಸುತ್ತಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಇವತ್ತು ಚೀಪುವುದಿಲ್ಲ ಎಂದು ಬಸವಣ್ಣನ ಫೋಟೋದ ಮುಂದೆ ಆಣೆ ಮಾಡುತ್ತಿದ್ದೆ. ಲೆಕ್ಕ ಮಾಡುತ್ತ ಕೂತಾಗಲೋ, ಅಪ್ಪನ ಮಗ್ಗದ ಸದ್ದು ಕೇಳುತ್ತ ಕಂಬಕ್ಕೆ ಒರಗಿದಾಗಲೋ ಬೆರಳು ಬಾಯಲ್ಲಿರುತ್ತಿತ್ತು. ಯಾವಾಗ ಹೋಯಿತೆಂದು ನನಗೆ ತಿಳಿಯುತ್ತಿರಲಿಲ್ಲ. ನನ್ನ ಕೈ ನನ್ನ ಮಾತು ಕೇಳುತ್ತಿಲ್ಲವೆಂದು ಯಾರಿಗೆ ಹೇಳುವುದು? ಹೇಳಿದರೆ ಇನ್ನೆರಡು ಬೀಳುತ್ತಿದ್ದವು.

ಚೀಪಿದ್ದರ ಪರಿಣಾಮ ಗೊತ್ತಾದದ್ದು ಒಂದು ಎಳೆ ನೂಲಿನಿಂದ. ನಮ್ಮ ಹೆಂಗಸರು ಕತ್ತರಿ ಹುಡುಕುತ್ತ ಕೂರುವುದಿಲ್ಲ, ಎಳೆಗೆ ಗಂಟು ಹಾಕಿ ಮುಂದಿನ ಹಲ್ಲಿನಿಂದ ಕಡಿದು ಮುಂದಕ್ಕೆ ಹೋಗುತ್ತಾರೆ. ಒಂದು ಮಧ್ಯಾಹ್ನ ಅವ್ವನ ಎರಡೂ ಕೈಯಲ್ಲಿ ಎಳೆ ಸಿಕ್ಕುಬಿದ್ದಿತ್ತು. "ಲೀಲಾ, ಇದನ್ನೊಂದು ಕಡೀ ಬಾ," ಎಂದಳು. ಹೋಗಿ ಕಚ್ಚಿದೆ. ಎಳೆ ಹಲ್ಲಿನ ನಡುವೆ ಜಾರಿ ಹೊರಗೆ ಬಂತು. ಇನ್ನೊಮ್ಮೆ ಕಚ್ಚಿದೆ, ಮತ್ತೆ ಜಾರಿತು. ಅವ್ವ ನನ್ನ ಗದ್ದ ಹಿಡಿದು ಬಾಯಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಮೇಲಿನ ಹಲ್ಲು ಮುಂದಕ್ಕೆ ಬಂದಿದ್ದವು, ಕೆಳಗಿನವು ಹಿಂದೆ ಉಳಿದಿದ್ದವು. ಹಲ್ಲು ಕಚ್ಚಿ ಹಿಡಿದರೂ ನಡುವೆ ಹೆಬ್ಬೆರಳು ತೂರುವಷ್ಟು ಸಂದು. ತುಟಿಗೆ ತುಟಿ ಕೂಡುತ್ತಿರಲಿಲ್ಲ. ಅವ್ವ ಏನೂ ಬಯ್ಯಲಿಲ್ಲ, ನೂಲು ಕೆಳಗಿಟ್ಟು ಅಳತೊಡಗಿದಳು. ಅವಳು ಹೊಡೆದಾಗ ಆಗದ ಹೆದರಿಕೆ ನನಗೆ ಆಗ ಆಯಿತು.

ಊರಿನ ಡಾಕ್ಟರು ನೋಡಿ, ಇದು ತಮ್ಮ ಕೈಲಾಗುವ ಕೆಲಸವಲ್ಲ, ಬಾಗಲಕೋಟೆಗೆ ವಾರಕ್ಕೊಮ್ಮೆ ಹುಬ್ಬಳ್ಳಿಯಿಂದ ಹಲ್ಲು ಸರಿಮಾಡುವ ಡಾಕ್ಟರು ಬರುತ್ತಾರೆ, ಅಲ್ಲಿಗೆ ಹೋಗಿರೆಂದರು. ಆಗಿನ್ನೂ ಎಂಬತ್ತರ ದಶಕದ ಆರಂಭ. ಹಲ್ಲು ನೋವಾದರೆ ಕೀಳುವುದು ಗೊತ್ತಿತ್ತೇ ಹೊರತು ನೆಟ್ಟಗೆ ಮಾಡುವ ಡಾಕ್ಟರೂ ಇರುತ್ತಾರೆಂಬುದು ನಮಗೆ ಹೊಸದು. "ಮಗ್ಗದ ಹಣಿಗಿ ತಿದ್ದಿದಂಗ ತಿದ್ದತಾರೇನೋ," ಎಂದ ಅಪ್ಪ, ನೂಲಿನ ಎಳೆಗಳನ್ನು ಸಾಲಾಗಿ ಹಿಡಿಯುವ ಬಾಚಣಿಗೆಯನ್ನು ನೆನೆದು.

ಆ ದವಾಖಾನೆಯ ಬಾಗಿಲ ಹೊರಗಿನ ಬೆಂಚು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಳಗಿನಿಂದ ಮಷಿನ್ನಿನ ಗುಂಯ್ ಶಬ್ದ ಬಂದಾಗಲೆಲ್ಲ ಬೆಂಚಿನ ಮೇಲಿದ್ದವರೆಲ್ಲ ಮಾತು ನಿಲ್ಲಿಸುತ್ತಿದ್ದರು. ನನ್ನ ಪಕ್ಕದಲ್ಲಿ ನನ್ನದೇ ವಯಸ್ಸಿನ ಒಬ್ಬ ಹುಡುಗಿ ಇದ್ದಳು. ಹೆಸರು ರಜಿಯಾ, ಹುನಗುಂದದವಳು. ಕೆಳತುಟಿಯನ್ನು ಹಲ್ಲಿನೊಳಗೆ ಎಳೆದುಕೊಂಡು ಚೀಪುವುದು ಆಕೆಯ ಚಟ. ತುಟಿಯ ಕೆಳಗೆ ಕೆಂಪು ಗೆರೆಯೇ ಬಿದ್ದಿತ್ತು. ನಾನು ಬೆರಳನ್ನು ಫ್ರಾಕಿನ ಮಡಿಕೆಯೊಳಗೆ ಅಡಗಿಸಿಕೊಂಡಿದ್ದೆ. ಆಕೆ ಅದನ್ನು ನೋಡಿ, "ನಿಂದು ಬೆರಳೇನು? ಛಲೋ ಆತು ಬಿಡು, ಬೆರಳಾದ್ರ ಮುಚ್ಚಿಡಾಕ ಬರ್ತೈತಿ. ನನ್ನ ತುಟಿ ಎಲ್ಲೆ ಮುಚ್ಚಿಡ್ಲಿ?" ಎಂದಳು. ಜಗತ್ತಿನಲ್ಲಿ ಇಂಥವಳು ನಾನೊಬ್ಬಳೇ ಎಂದುಕೊಂಡಿದ್ದ ನನಗೆ ಆ ಮಾತಿನಿಂದ ಎಷ್ಟು ಹಗುರವಾಯಿತೆಂದರೆ ಅಳುವೇ ಬಂತು.

ಒಳಗೆ ಹೋದ ಕೂಡಲೇ ಅವ್ವ ನನ್ನ ಮೇಲಿನ ಫಿರ್ಯಾದು ಶುರುಮಾಡಿದಳು. ಡಾಕ್ಟರು ಕೈ ಎತ್ತಿ, "ನೀವು ಸ್ವಲ್ಪ ಸುಮ್ಮನಿರ್ರಿ ಬಾಯಾರ, ಆಕೀನ್ನ ಕೇಳೂಣು," ಎಂದು ನನ್ನ ಕಡೆ ತಿರುಗಿದರು. "ಏನವಾ, ಇದನ್ನ ಬಿಡಬೇಕು ಅಂತ ನಿನಗ ಅನಸ್ತದೇನು?"

"ನಾ ಬಿಡ್ತೇನ್ರಿ, ಅದು ಬಿಡಂಗಿಲ್ರಿ," ಎಂದೆ.

ಅಪ್ಪ ನಕ್ಕ. ಡಾಕ್ಟರು ನಗಲಿಲ್ಲ. ಬೆರಳಿಗೆ ಏನನ್ನೂ ಹಚ್ಚಬಾರದು, ಹೊಡೆಯಬಾರದು ಎಂದು ಅವ್ವನಿಗೆ ತಾಕೀತು ಮಾಡಿ ಅಪ್ಪನಿಗೆ ಹೇಳಿದರು: "ಬಾಯಾಗಿನ ಎಲುಬು ಇನ್ನೂ ಹಸೀದು ಅದ. ಈಗ ಬೆರಳು ಬಿಟ್ರ ಹಲ್ಲು ಅರ್ಧ ತಾವೇ ಹಿಂದ ಸರೀತಾವ. ತಡಾ ಆದ್ರ ಹಿಂಗಽ ಗಟ್ಟಿ ಆಗಿಬಿಡ್ತಾವ. ಆಮ್ಯಾಲೆ ನನ್ನ ಕೈಯಾಗೂ ಭಾಳ ಇರಂಗಿಲ್ಲ."

"ಅಂದ್ರ ಜನ್ಮಪೂರ್ತಿ ತುಟಿ ಕೂಡಂಗಿಲ್ಲೇನ್ರಿ?" ಎಂದು ಅವ್ವ ಕೇಳಿದಳು. ಡಾಕ್ಟರು ನನ್ನ ಹಲ್ಲಿನ ಅಚ್ಚು ತೆಗೆಯಲು ಹಿಟ್ಟಿನಂಥ ಏನನ್ನೋ ಕಲಸಿದರು. ಅದನ್ನು ಬಾಯಲ್ಲಿ ತುಂಬಿದಾಗ ಉಸಿರು ಕಟ್ಟಿ ಅವರ ಬಿಳಿ ಕೋಟಿನ ಮೇಲೇ ವಾಂತಿ ಮಾಡಿಕೊಂಡೆ.

ಮುಂದಿನ ಸಲ ಹೋದಾಗ ಪ್ಲೇಟು ತಯಾರಾಗಿತ್ತು. ಗುಲಾಬಿ ಬಣ್ಣದ್ದು, ಅಂಗುಳಕ್ಕೆ ಅಂಟಿ ಕೂರುವಂಥದ್ದು. ಮುಂದಿನ ಹಲ್ಲುಗಳ ಹಿಂದೆ ತಂತಿಯದೊಂದು ಸಣ್ಣ ಬೇಲಿ. ಬೆರಳು ಒಳಗೆ ಹೋದರೆ ಬೇಲಿಗೆ ತಾಗುತ್ತದೆ, ಅಂಗುಳಕ್ಕೆ ಮುಟ್ಟುವುದಿಲ್ಲ, ಚೀಪಿದ ಸುಖ ಸಿಗುವುದಿಲ್ಲ. ಉಣ್ಣುವಾಗ ತೆಗೆದು ತೊಳೆದಿಟ್ಟು ಮತ್ತೆ ಹಾಕಿಕೊಳ್ಳಬೇಕು. ಜೊಲ್ಲು ಸುರಿಯುತ್ತದೆಂದೂ ಆಮೇಲೆ ನಿಲ್ಲುತ್ತದೆಂದೂ ನನಗೆ ಮೊದಲೇ ಹೇಳಿದವಳು ಅಷ್ಟರಲ್ಲಿ ತಾನೂ ಒಂದು ಪ್ಲೇಟು ಹಾಕಿಸಿಕೊಂಡಿದ್ದ ರಜಿಯಾ, ದೊಡ್ಡವರಲ್ಲ. ತಿರುಗಿ ಬರುವಾಗ ಅಮೀನಗಡದಲ್ಲಿ ಅಪ್ಪ ಪ್ರೀತಿಯಿಂದ ಕರದಂಟು ಕೊಡಿಸಿದ. ಆಗ ತಾನೇ ಹಾಕಿದ ಪ್ಲೇಟನ್ನು ಬಸ್ಸಿನಲ್ಲಿ ತೆಗೆದು ತೊಳೆಯುವುದು ಹೇಗೆ, ತೆಗೆಯದೆ ಆ ಅಂಟಂಟು ತಿನಿಸನ್ನು ಬಾಯಿಗಿಡುವುದು ಹೇಗೆ? ಮನೆಗೆ ತಂದದ್ದನ್ನು ಆಯಿ ಉಳಿದ ನಾಲ್ಕು ಹಲ್ಲಿನಲ್ಲಿ ನೆಮ್ಮದಿಯಿಂದ ತಿಂದು, "ಹಲ್ಲಿದ್ದಾಗ ಕಡ್ಲಿ ಇಲ್ಲ, ಕಡ್ಲಿ ಇದ್ದಾಗ ಹಲ್ಲಿಲ್ಲ ಅಂತಾರ. ನಮ್ಮ ಮನ್ಯಾಗ ಎಲ್ಲಾ ಉಲ್ಟಾ," ಎಂದಳು.

ಪ್ಲೇಟು ಹಾಕಿಕೊಂಡು ಮಲಗಿದರೆ ಬೆಳಿಗ್ಗೆ ಅದು ತಲೆದಿಂಬಿನ ಕೆಳಗಿರುತ್ತಿತ್ತು, ಬೆರಳು ಬಾಯಲ್ಲಿರುತ್ತಿತ್ತು. ನಿದ್ದೆಯಲ್ಲಿ ನಾನೇ ತೆಗೆದಿರುತ್ತಿದ್ದೆ. ಆಣೆ ಮಾಡಿ ಹೇಳುತ್ತೇನೆ, ನನಗೆ ಗೊತ್ತಿರುತ್ತಿರಲಿಲ್ಲ. ಆದರೂ ದಿನ ಕಳೆದಂತೆ ಕೆಲವು ಮುಂಜಾವು ಅದು ಬಾಯಲ್ಲೇ ಉಳಿಯತೊಡಗಿತು. ಅಂಥ ದಿನ ಅವ್ವ ನನ್ನ ರೊಟ್ಟಿಯ ಮೇಲೆ ಬೆಣ್ಣೆ ಹಚ್ಚುತ್ತಿದ್ದಳು. ಹಲ್ಲು ಸರಿಯುತ್ತಿವೆ ಎಂದು ಡಾಕ್ಟರೂ ಹೇಳಿದರು. ನಾವು ಗೆಲ್ಲುತ್ತಿದ್ದೇವೆ ಎಂದುಕೊಂಡೆವು.

ಆಗ ಆಯಿ ತಾನು ಬಲ್ಲ ಕೆಲಸವನ್ನು ಮಾಡಿದಳು. ಹಸಿ ರೇಷ್ಮೆಗೆ ಒಂದು ಅಂಟಿರುತ್ತದೆ. ಸಾಬೂನು, ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಅಂಟು ಬಿಟ್ಟು ನೂಲು ಫಳಫಳ ಹೊಳೆಯುತ್ತದೆ. ಜನ್ಮವಿಡೀ ಅದನ್ನೇ ಮಾಡಿಕೊಂಡು ಬಂದ ಆಯಿಯ ಪ್ರಕಾರ ಕುದಿಸಿದರೆ ಸ್ವಚ್ಛವಾಗದ ವಸ್ತುವೇ ಇಲ್ಲ. ನಾನು ಉಣ್ಣಲು ಕೂತು ಪ್ಲೇಟನ್ನು ನೀರಿನ ಬಟ್ಟಲಲ್ಲಿಟ್ಟಿದ್ದೆ. ಅದಕ್ಕೆ ಹಳದಿ ಕಟ್ಟಿದ್ದನ್ನು ಕಂಡು, "ಕೂಸಿನ ಬಾಯಾಗ ಇಂಥಾ ಹೊಲಸು ಇಡೂದೇನು?" ಎಂದು ಎತ್ತಿಕೊಂಡು ಹೋಗಿ ರೇಷ್ಮೆ ಕುದಿಯುತ್ತಿದ್ದ ಹಂಡೆಯೊಳಗೆ ಬಿಟ್ಟಳು. ನಾನು ಕೈ ತೊಳೆದು ಬರುವಷ್ಟರಲ್ಲಿ ಕೋಲಿನಿಂದ ಎತ್ತಿ, ತಣ್ಣೀರಲ್ಲಿ ಅದ್ದಿ, ಸೀರೆಯ ಸೆರಗಿನಿಂದ ಒರೆಸಿ ಕೈಗಿಟ್ಟಳು. ಹೊಚ್ಚ ಹೊಸದರಂತೆ ಹೊಳೆಯುತ್ತಿತ್ತು.

ಹಾಕಿಕೊಂಡರೆ ಕೂರಲಿಲ್ಲ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದಿತು. ಅವ್ವ ಬಂದು ಒತ್ತಿ ನೋಡಿದಳು, ಅಪ್ಪನನ್ನು ಕರೆದಳು. ಅಪ್ಪ ಬ್ಯಾಟರಿ ಹಿಡಿದು ಬಾಯಲ್ಲಿ ಇಣುಕಿ ಬಹಳ ಹೊತ್ತು ನೋಡಿ, "ಪ್ಲೇಟು ಅದಽ ಐತಿ. ಅಂದ್ರ ಬಾಯಿ ಬದಲಾಗೈತಿ. ಹಲ್ಲು ಒಳಗ ಸರದಾವು, ಅದಕ್ಕಽ ಕೂಡವಲ್ದು," ಎಂದ. ಎಂಥ ಖುಷಿಯ ಮಾತು! ಒಬ್ಬರಾದ ಮೇಲೊಬ್ಬರು ಬಂದು ನೋಡಿದರು. ಪಕ್ಕದ ಮನೆಯವರೂ ಬಂದು ನೋಡಿ, "ಹೌದ್ರಿ, ಭಾಳ ಒಳಗ ಹೋಗ್ಯಾವು," ಎಂದರು. ನಾನೂ ಕನ್ನಡಿ ಹಿಡಿದು ನೋಡಿಕೊಂಡೆ. ಒಳಗೆ ಹೋದಂತೆಯೇ ಕಂಡವು. ಬೇಕಾದದ್ದನ್ನು ಕಾಣಲು ಬ್ಯಾಟರಿಯ ಬೆಳಕೇನೂ ಬೇಕಿಲ್ಲ.

ಕೆಲಸ ಮುಗಿಯಿತೆಂದು ಅವ್ವ ಪ್ಲೇಟನ್ನು ಎತ್ತಿಟ್ಟಳು. ಅವಳು ತುಳಸಿಗೇರಿ ಹನುಮಪ್ಪನಿಗೆ ಹರಕೆ ಹೊತ್ತಿದ್ದಳು, ಮಗಳು ಬೆರಳು ಬಿಟ್ಟರೆ ಬೆಳ್ಳಿಯ ಹೆಬ್ಬೆರಳು ಮಾಡಿಸಿ ಕೊಡುತ್ತೇನೆಂದು. ಪತ್ತಾರನಿಂದ ಚಿಕ್ಕದೊಂದು ಬೆಳ್ಳಿ ಬೆರಳು ಮಾಡಿಸಿದಳು. ಶನಿವಾರ ಮನೆಮಂದಿಯೆಲ್ಲ ಹೋದೆವು. ಗುಡಿಯಲ್ಲಿ ನೂಕುನುಗ್ಗಲು. ನನ್ನನ್ನು ಆಯಿಯ ಜೊತೆ ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಅವ್ವ, ಅಪ್ಪ ಒಳಗೆ ಹೋದರು. ಪೂಜೆ ಮಾಡಿಸಿ ಹೊರಗೆ ಬಂದ ಅವ್ವ ನನ್ನನ್ನು ನೋಡಿ ಮೆಟ್ಟಿಲ ಮೇಲೆಯೇ ನಿಂತಳು. ಅವಳ ಮುಖ ಕಂಡ ಮೇಲೆ ನನಗೆ ಬಾಯಲ್ಲಿ ಬೆರಳಿರುವುದು ಗೊತ್ತಾಯಿತು. ತೆಗೆದು ಬೆನ್ನ ಹಿಂದೆ ಇಟ್ಟುಕೊಂಡೆ. ಅವ್ವ ಹತ್ತಿರ ಬಂದು ನನ್ನ ಹಣೆಗೆ ಕುಂಕುಮ ಹಚ್ಚಿದಳು, ಅಪ್ಪನಿಗೆ ಏನೂ ಹೇಳಲಿಲ್ಲ. ದೇವರಿಗೆ ಕೊಟ್ಟಾದ ಮೇಲೆ ಏನೆಂದು ಹೇಳುವುದು?

ಆಮೇಲೆ ಯಾರೂ ಬಾಗಲಕೋಟೆಯ ಮಾತೆತ್ತಲಿಲ್ಲ. ಮದುವೆ ಕಾಲ, ಸೀರೆಗಳಿಗೆ ಬೇಡಿಕೆ, ಮಗ್ಗ ಬಿಟ್ಟು ಏಳುವಂತಿರಲಿಲ್ಲ. ಗುಣವಾಗಿದೆ ಎಂದು ಎಲ್ಲರಿಗೂ ಹೇಳಿಯಾಗಿತ್ತು. ಅವ್ವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಿಂಗಳುಗಟ್ಟಲೆ ಕಳೆದೆವು. ನಾನು ಹಿತ್ತಲ ಗೋಡೆಯ ಹಿಂದೆ ಹೋಗಿ ಚೀಪುತ್ತಿದ್ದೆ. ಆ ದಿನಗಳನ್ನು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

ಸಾಲೆಯ ಅಂಗಳದಲ್ಲಿ ಓಡುವಾಗ ಬಿದ್ದು ಮುಂದಕ್ಕೆ ಚಾಚಿದ್ದ ಹಲ್ಲೊಂದರ ತುದಿ ಮುರಿಯದಿದ್ದರೆ ಮತ್ತೆ ಹೋಗುತ್ತಲೇ ಇರಲಿಲ್ಲವೇನೋ. ಈ ಸಲ ಆಯಿಯೂ ಜೊತೆಗೆ ಹೊರಟಳು. ಡಾಕ್ಟರು ಬಾಯಿ ನೋಡಿದರು, ನೋಡುತ್ತಲೇ ಇದ್ದರು. ಹಲ್ಲು ಒಳಗೆ ಸರಿದದ್ದಕ್ಕೆ ಪ್ಲೇಟು ಕೂರಲಿಲ್ಲವೆಂದು ಅಪ್ಪ ಹೇಳಿದ ಮೇಲೆ ಅದನ್ನು ತೋರಿಸಲು ಹೇಳಿದರು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, "ಇದನ್ನ ಬಿಸಿನೀರಿಗೆ ಹಾಕಿದ್ರೇನು?" ಎಂದರು.

ಆಯಿ ಉತ್ಸಾಹದಿಂದ ಮುಂದೆ ಬಂದಳು. "ನಾನಽ ಕುದಿಸೀನಿ ತಮ್ಮಾ. ರೇಷ್ಮಿ ಜೋಡಿ ಹಾಕಿ ಛಲೋತ್ನ್ಯಾಗಿ ಕುದಿಸೀನಿ. ನೋಡು, ಹೆಂಗ ಹೊಳೀತೈತಿ!"

ಡಾಕ್ಟರು ಅಪ್ಪನ ಮುಖ ನೋಡಿದರು. "ಇದು ಬಿಸಿಗೆ ಸೊಟ್ಟ ಆಗ್ತದ್ರಿ. ಹಲ್ಲು ಸರದಿದ್ದಕ್ಕಲ್ಲ, ಪ್ಲೇಟು ಸೊಟ್ಟ ಆಗಿದ್ದಕ್ಕ ಕೂತಿಲ್ಲ. ಹಲ್ಲು ಮೊದಲಿಗಿಂತ ಹೊರಗ ಬಂದಾವ."

ಆಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ಡಾಕ್ಟರು ಎದ್ದು ಬಂದು, "ತಪ್ಪು ನಂದೂ ಅದ ಅಮ್ಮಾ. ಬಿಸಿನೀರಿಗೆ ಹಾಕಬ್ಯಾಡ್ರಿ ಅಂತ ನಾ ಹೇಳಬೇಕಾಗಿತ್ತು," ಎಂದರು. ಅಷ್ಟು ಕಲಿತವರು ಹಾಗೆ ಹೇಳಿದ್ದು ನನಗೆ ದೊಡ್ಡದೆನಿಸಿತು. ಆಯಿಗೆ ಮಾತ್ರ ಅದರಿಂದ ಸಮಾಧಾನವಾಗಲಿಲ್ಲ. ಊರಿಗೆ ಬರುವವರೆಗೆ ಆಕೆ ಒಂದು ಗುಟುಕು ನೀರು ಕುಡಿಯಲಿಲ್ಲ.

ಈ ಸಲದ ಬೇಲಿ ತೆಗೆಯಲು ಬಾರದ್ದು. ದವಡೆ ಹಲ್ಲುಗಳಿಗೆ ಉಂಗುರ ತೊಡಿಸಿ ಸಿಮೆಂಟಿನಿಂದ ಅಂಟಿಸಿದರು. ಉಣ್ಣುವಾಗಲೂ ಮಲಗುವಾಗಲೂ ಅದು ಅಲ್ಲೇ. ಬೆರಳು ಹಳೆಯ ದಾರಿ ಹಿಡಿದು ಹೋಗುತ್ತಿತ್ತು, ತಂತಿಗೆ ತಾಗಿ ತಿರುಗಿ ಬರುತ್ತಿತ್ತು. ಎಲ್ಲರೂ ಹೇಳುವುದು ಚಟ ಬಿಡಿಸುವುದರ ಬಗ್ಗೆ. ಬಿಟ್ಟ ಮೇಲಿನ ದಿನಗಳ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೆ ನಾನು ಹೇಳುತ್ತೇನೆ. ಮನೆಯಲ್ಲಿ ಯಾರೋ ಸತ್ತಂತೆ ಇತ್ತು. ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಕೈಯನ್ನು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಅಕ್ಷರ ಬರೆಯುತ್ತಿದ್ದರೆ ಕಾರಣವಿಲ್ಲದೆ ಕಣ್ಣೀರು ಬೀಳುತ್ತಿತ್ತು. ಅವ್ವ, ಅಪ್ಪ, ಡಾಕ್ಟರು, ಎಲ್ಲರ ಮೇಲೂ ನನಗೆ ದ್ವೇಷ ಬಂದಿತ್ತು. ಯಾರ ಕೈಯಲ್ಲೂ ಏನೂ ಇರಲಿಲ್ಲ, ಅವರೆಲ್ಲ ಸುಮ್ಮನೆ ನೋಡುತ್ತ ಕೂರಬೇಕಾಗಿತ್ತು.

ಒಂದು ಸಂಜೆ ಹೀಗೇ ಅಳುತ್ತ ಕೂತಿದ್ದಾಗ ಆಯಿ ಬಂದು ಪಕ್ಕಕ್ಕೆ ಕೂತಳು. ದವಾಖಾನೆಯಿಂದ ಬಂದ ಮೇಲೆ ಆಕೆ ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಮಡಿಲಲ್ಲಿ ಆಗ ತಾನೇ ಒಣಗಿದ ಬಳೆಯಾಕಾರಕ್ಕೆ ಸುತ್ತಿದ ಕೆಂಪು ರೇಷ್ಮೆ ನೂಲಿನ ಲಡಿ ಇತ್ತು. ಅದನ್ನು ನನ್ನ ಎರಡೂ ಕೈಗೆ ತೊಡಿಸಿ, "ಹಿಡೀ. ನಾ ಸುತ್ತತೇನಿ," ಎಂದಳು.

"ಕಲೆ ಬೀಳ್ತೈತಿ ಆಯಿ."

"ಬೀಳ್ಲಿ," ಎಂದಳು ಆಯಿ. ದೀಪ ಹಚ್ಚುವ ಹೊತ್ತಾಗುವವರೆಗೆ ಸುತ್ತುತ್ತ ಕೂತಳು. ಮರುದಿನವೂ ಕರೆದಳು. ಅಳು ನಿಂತಿತೆಂದಲ್ಲ, ಆದರೆ ಅಳುವಾಗ ಕೈಗೊಂದು ಕೆಲಸವಿತ್ತು.

ಬೇಲಿ ತೆಗೆಸುವ ದಿನ ಬಂದಾಗ ಅಪ್ಪನಿಗೆ ಮಗ್ಗ ಬಿಡಲಾಗದೆ ಅವ್ವ ಒಬ್ಬಳೇ ನನ್ನನ್ನು ಕರೆದುಕೊಂಡು ಹೋದಳು. ಉಂಗುರ ಬಿಚ್ಚಿದ ಮೇಲೆ ಡಾಕ್ಟರು ಹಲ್ಲು ಕಚ್ಚಿಸಿ ನೋಡಿದರು. "ಸಂದು ಭಾಳ ಮುಚ್ಚೇದ, ಪೂರಾ ಮುಚ್ಚಿಲ್ಲ. ನಾವು ಕಳಕೊಂಡ ತಿಂಗಳು ತಿರುಗಿ ಬರಂಗಿಲ್ಲ," ಎಂದರು. ತುಟಿ ಮುಚ್ಚಲು ಹೇಳಿದರು. ಒತ್ತಿ ಹಿಡಿದರೆ ಕೂಡಿದವು, ಬಿಟ್ಟರೆ ತೆರೆದವು. ಇವತ್ತಿಗೂ ಹಾಗೇ ಇವೆ.

"ಬೇಲಿ ತಗದ ಮ್ಯಾಲೆ ಮತ್ತ ಶುರು ಆದ್ರ?" ಎಂದಳು ಅವ್ವ.

ಡಾಕ್ಟರು ಕೈ ತೊಳೆಯುತ್ತಿದ್ದರು. "ಅದು ನನಗೂ ಗೊತ್ತಿಲ್ರಿ ಬಾಯಾರ," ಎಂದರು.

ಬಸ್ಸಿನಲ್ಲಿ ನಾಲಗೆ ಖಾಲಿ ಬಾಯೊಳಗೆ ತಡಕಾಡುತ್ತಿತ್ತು. ತಡೆಯಲು ಏನೂ ಇಲ್ಲ ಎಂಬುದೇ ಭಯ ಹುಟ್ಟಿಸಿತು. ಬಲಗೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ನಿದ್ದೆ ಮಾಡಬಾರದೆಂದು ನಿಶ್ಚಯಿಸಿದ್ದೆ, ಆದರೆ ಬಿಸಿಲಿಗೂ ಬಸ್ಸಿನ ಓಲಾಟಕ್ಕೂ ಕಣ್ಣು ಮುಚ್ಚಿದವು. ಎಚ್ಚರವಾದಾಗ ಹುನಗುಂದ ದಾಟಿತ್ತು. ಗಾಬರಿಯಿಂದ ಮೊದಲು ಬಾಯನ್ನು ನೋಡಿಕೊಂಡೆ. ಖಾಲಿಯಿತ್ತು. ನನ್ನ ಬಲಗೈ ಅವ್ವನ ಎರಡೂ ಕೈಗಳ ನಡುವೆ ಇತ್ತು. ನನಗೆ ಸಿಟ್ಟು ಬಂತು.

"ಬಿಡಬೇ ಅವ್ವಾ. ನನ್ನ ಮ್ಯಾಲೆ ನಿನಗ ನಂಬಿಗಿ ಇಲ್ಲೇನು?"

"ನಂಬಿಗಿ ಮಾತಲ್ಲವಾ," ಎಂದಳು ಅವ್ವ.

"ಮತ್ತ್ಯಾಕ ಹಿಡಕೊಂಡಿ?"

ಅವ್ವ ಕೈಯನ್ನು ಬಿಡದೆ ಹೊರಗೆ ನೋಡಿದಳು. "ನೀ ಹುಟ್ಟಿದಾಗಿಂದ ಈ ಕೈ ನನ್ನ ಕೈಗೆ ಸಿಕ್ಕಽ ಇದ್ದಿಲ್ಲ. ಹಿಡಕೋಬೇಕು ಅಂದಾಗೆಲ್ಲ ಬಾಯಾಗ ಇರ್ತಿತ್ತು. ಸ್ವಲ್ಪ ಹೊತ್ತು ಇರ್ಲಿ ಬಿಡು."

ಅವಳು ಹಿಡಿಯದೆ ಬಿಟ್ಟಿದ್ದರೆ ಆ ಕೈ ಬಾಯಿಗೆ ಹೋಗುತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಇಳಕಲ್ಲಿನ ಸ್ಟ್ಯಾಂಡು ಬರುವವರೆಗೆ ನಾನದನ್ನು ಎಳೆದುಕೊಳ್ಳಲಿಲ್ಲ.